ಹಬ್ಬದ ಉಡುಗೊರೆ: ಕೊಳ್ಳುವ ಮುನ್ನ

ಗೌರಿ ಹಬ್ಬಕ್ಕೆ ತವರಿನಿಂದ ಈಗ ಸೀರೆಯ ಜೊತೆ ಮಿಕ್ಸಿ, ಕುಕ್ಕರೂ ಬರುವುದುಂಟು. 2019ರಲ್ಲಿ ನಮ್ಮಣ್ಣ ಆಸೆಪಟ್ಟು ಏಳೂವರೆ ಲೀಟರಿನ ಕುಕ್ಕರ್ ತಂದುಕೊಟ್ಟ. ಮಗ ಹಾಸ್ಟೆಲು ಸೇರಿ, ಮನೆಯಲ್ಲಿದ್ದೋರು ನಾವಿಬ್ಬರೇ! ಬೇಡವೆನ್ನಲು ಬಾಯಿ ಬರಲಿಲ್ಲ. ಕುಕ್ಕರ್ ಅಟ್ಟ ಸೇರಿತು. ಅಣ್ಣ ಬಂದಾಗ ಮಾತ್ರ ಒಲೆಗೇರುತ್ತೆ.

ಇಬ್ಬರಿಗೆ 3 ಲೀಟರ್, ನಾಲ್ಕೈದು ಜನಕ್ಕೆ 5 ಲೀಟರ್ ಸಾಕು. ದೋಸೆ ಹಿಟ್ಟನ್ನೂ ಮಿಕ್ಸಿಯಲ್ಲೇ ರುಬ್ಬುವವರಿಗೆ 750 ವಾಟಿನದು ವಾಸಿ. ವಯಸ್ಸಾದವರಿಗೆ ಗ್ರೈಂಡರ್ ಕೊಡುವಾಗ, ಕಲ್ಲು ಎತ್ತಿ ತೊಳೆಯೋ ಕಷ್ಟ ನೆನೆಯಿರಿ. ಐ.ಎಸ್.ಐ. ಗುರುತು ನೋಡಿ, ಗ್ಯಾರಂಟಿ ಕಾರ್ಡಿಗೆ ಅಂಗಡಿಯ ಮೊಹರು, ತಾರೀಖು ಹಾಕಿಸಿ.

ಎಲ್ಲಕ್ಕೂ ಮುಂಚೆ, “ನಿನಗೇನು ಬೇಕಮ್ಮ?” ಅಂತ ಕೇಳಿಬಿಡಿ. ಕೇಳಿ ಕೊಟ್ಟರೆ ಪ್ರೀತಿಯೇನೂ ಕಡಿಮೆಯಾಗೋಲ್ಲ. ಕೇಳಿದಾಗ ಸಂಕೋಚಪಡದೆ ಹೇಳೋದನ್ನು ನಾವೂ ಕಲೀಬೇಕು.