ತಲೆಯಿಲ್ಲದ ಅಂಗಡಿ

'ತಲೆಯಿಲ್ಲದ ಅಂಗಡಿ'ಯೆಂದರೆ ಮಿತ್ರರು ನಕ್ಕಾರು; ಗಣಕಲೋಕದಲ್ಲಿ ಇದು ಗಂಭೀರವಾದ ಮಾತೇ ಸರಿ. ಇಳಕಲ್ ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಬೇರೆಯಾಗಿ ಅಣಿಗೊಳಿಸಿ, ಕೊಂಡಿ ಹಾಕಿ ಕೂಡಿಸುವಂತೆ, ಇಲ್ಲಿ ಗಿರಾಕಿಗೆ ಕಾಣುವ ಮುಂಗಟ್ಟು ಬೇರೆ, ದಾಸ್ತಾನು, ಬೆಲೆ, ಆರ್ಡರುಗಳ ಹಿಂಗೋಣೆ ಬೇರೆ. ಎಪಿಐ ಎಂಬುದೇ ಕೊಂಡಿ. ಡೆನ್ಮಾರ್ಕಿನಲ್ಲಿ ಹುಟ್ಟಿದ 'ಮೆಡೂಸ' ಇಂಥದೊಂದು ತಂತ್ರಾಂಶ. ಎಂಐಟಿ ಪರವಾನಗಿಯಿರುವುದರಿಂದ ಅದರ ಮೂಲವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಶುಲ್ಕವಿಲ್ಲದೆ ವ್ಯಾಪಾರಕ್ಕೆ ಬಳಸಬಹುದು.

ಕಲಾವಿಭಾಗದವರಿಗೆ ಇದೇಕೆಂದು ಕೇಳುವವರುಂಟು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲೇರಿದವನು ನಾನೇ ಮೊದಲಿಗ, ತಂದೆಯವರು ನೇಕಾರರು. ತಾವು ನೇಯ್ದ ಸೀರೆಯನ್ನು ಉಟ್ಟವರಾರೆಂದು ಅವರರಿಯರು. ಪರರ ಜಾಲಸಂತೆಯಲ್ಲಿ ಮಾರಿದರೂ ಕಮಿಷನ್ನು, ಕಟ್ಟಳೆ, ಗಿರಾಕಿಯ ವಿಳಾಸ ಎಲ್ಲವೂ ಸಂತೆಯ ಒಡೆಯನ ವಶ. ಸ್ವಂತ ಅಂಗಡಿಯಾದರೆ ಖಾತೆಪುಸ್ತಕ ನಮ್ಮ ಕೈಯಲ್ಲಿರುತ್ತದೆ.

ಆರಂಭವೇನೂ ಬ್ರಹ್ಮವಿದ್ಯೆಯಲ್ಲ. ನೋಡ್ ಜೆಎಸ್, ಗಿಟ್, ಪೋಸ್ಟ್‌ಗ್ರೆಸ್ ಇರುವ ಗಣಕದಲ್ಲಿ ಒಂದೇ ಸಾಲಿನ ಆಜ್ಞೆಯಿಂದ ಅಂಗಡಿ ಏಳುತ್ತದೆ. ಭಾರತ ದೇಶವನ್ನೂ ರೂಪಾಯಿಯನ್ನೂ ನಮೂದಿಸಿ, ಸಾಗಣೆದರ ಗೊತ್ತುಮಾಡಿ, ಒಂದೇ ಒಂದು ಸೀರೆಯನ್ನಿಟ್ಟು, ಮೊದಲು ನಾವೇ ಗಿರಾಕಿಗಳಾಗಿ ಕೊಂಡು ನೋಡಬೇಕು.

ಆದರೆ ಉಚಿತವೆಂದರೆ ಖರ್ಚಿಲ್ಲವೆಂದಲ್ಲ. ಸರ್ವರಿನ ಬಾಡಿಗೆ, ಹಣಪಾವತಿಯ ಶುಲ್ಕ, ಕೆಟ್ಟದ್ದನ್ನು ಸರಿಪಡಿಸುವ ಕೆಲಸ ಇದ್ದೇ ಇವೆ. ಬಾಗಿಲು ತೆರೆದ ಮಾತ್ರಕ್ಕೆ ಗಿರಾಕಿ ಬಂದು ನಿಲ್ಲುವುದೂ ಇಲ್ಲ. ಒಬ್ಬ ನೇಕಾರನಿಗೆ ಇದು ಹೊರೆಯೇ. ಹತ್ತಾರು ಮಗ್ಗಗಳ ಸಹಕಾರ ಸಂಘಕ್ಕೆ ಹೊರಲಾಗದ್ದಲ್ಲ. ಆದುದರಿಂದ ನೌಕರಿಯ ಅರ್ಜಿಗಳ ನಡುವೆಯೂ ನಾವು ಊರಿನ ಸಂಘಕ್ಕೆ ಇಂಥದೊಂದು ಅಂಗಡಿ ಕಟ್ಟಿಕೊಡಬೇಕೆಂಬುದು ನನ್ನ ಅಭಿಮತ. ನಮ್ಮಂಥವರನ್ನು ಓದಿಸಿದ ಮಗ್ಗದ ಋಣ ಅಷ್ಟಾದರೂ ತೀರೀತು.