ತೋಟದ ಮೆಷೀನಿಗೆ ಡಿಫಾಲ್ಟ್ ಸಾಲದು

ನಮ್ಮ ಕಡೆ ಮಿನಿ ಪ್ರಾಜೆಕ್ಟ್ ಅಂದ್ರೆ ಅದರಲ್ಲಿ ತೆಂಗಿನ ತೋಟದ್ದು ಒಂದಾದ್ರೂ ಇದ್ದೇ ಇರತ್ತೆ. ಮಣ್ಣಿನ ತೇವ ಅಳೆಯೋ ಸೆನ್ಸರ್, ಮೋಟರ್ ಆನ್ ಮಾಡೋ ರಿಲೇ, ಮೊಬೈಲಲ್ಲಿ ಒಂದು ಆ್ಯಪ್. ಡೆಮೋ ದಿನ ಎಲ್ಲ ಚೆನ್ನಾಗೇ ಓಡತ್ತೆ. ಆದರೆ ಯಾರೂ ಕೇಳದ ಪ್ರಶ್ನೆ ಒಂದಿದೆ. ಆ ರೀಡಿಂಗ್ ಎಲ್ಲ ಎಲ್ಲಿ ಹೋಗಿ ಕೂರತ್ತೆ? ಕರೆಂಟ್ ಹೋದಾಗ ಅದರ ಗತಿ ಏನು? ಇನ್ನೊಂದು ಸೆನ್ಸರ್ ಸೇರಿಸೋ ಮೊದಲು, ಬೋರ್ಡಿನ ಲಿನಕ್ಸ್ ಕರ್ನಲ್ಲನ್ನ ಫ್ಲ್ಯಾಶ್ ಸ್ಟೋರೇಜಿಗೆ ತಕ್ಕ ಹಾಗೆ ನಾವೇ ಕಾನ್ಫಿಗರ್ ಮಾಡೋದನ್ನ ಕಲೀಬೇಕು ಅನ್ನೋದು ನನ್ನ ಅಭಿಪ್ರಾಯ.

ಯುಪಿಎಸ್ ಇರೋ ಲ್ಯಾಬಿಗಿಂತ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತೋಟಗಳಿಗೇ ಈ ವಿದ್ಯೆ ಜಾಸ್ತಿ ಬೇಕು. ಅದಕ್ಕೆ ಎರಡು ಕಾರಣ.

ಒಂದು, ಕರೆಂಟ್. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬರೋದು ದಿನಕ್ಕೆ ಕೆಲವೇ ಗಂಟೆ, ಅದೂ ಪಾಳಿ ಮೇಲೆ, ಎಷ್ಟೋ ಸಲ ರಾತ್ರಿ ಹೊತ್ತು. ಅದಕ್ಕೇ ರೈತರು ಆಟೋ ಸ್ಟಾರ್ಟರ್ ಹಾಕಿಟ್ಟು ಮಲಗ್ತಾರೆ. ಆ ಸ್ಟಾರ್ಟರ್ ಡಬ್ಬದ ಪಕ್ಕ ನಾವು ಕೂರಿಸೋ ಬೋರ್ಡಿಗೆ ಶಟ್‌ಡೌನ್ ಅನ್ನೋ ಮರ್ಯಾದೆ ಸಿಗಲ್ಲ. ಫೈಲ್ ಬರೀತಿರೋವಾಗ್ಲೇ ಕರೆಂಟ್ ಹೋಗತ್ತೆ.

ಎರಡು, ತೆಂಗಿನ ಕಾಲಮಾನ. ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯೋಕೆ ಸುಮಾರು 12 ತಿಂಗಳು. ಆದರೆ ಆ ಹೊಂಬಾಳೆಯ ಮೊಳಕೆ ಮರದೊಳಗೆ ಹುಟ್ಟಿರೋದು ಅದಕ್ಕೂ ಸುಮಾರು 32 ತಿಂಗಳು ಮುಂಚೆ. ಒಟ್ಟು 44 ತಿಂಗಳು. ಆಮೇಲೆ ಉಂಡೆ ಕೊಬ್ಬರಿ ಆಗೋಕೆ ಕಾಯಿ ಇನ್ನೂ ತಿಂಗಳುಗಟ್ಟಲೆ ಅಟ್ಟದ ಮೇಲೆ ಇರಬೇಕು. ಅಂದ್ರೆ ಈ ಬೇಸಿಗೇಲಿ ಬೋರ್‌ವೆಲ್ ಕೈ ಕೊಟ್ರೆ ಅದರ ಪೂರ್ತಿ ಪೆಟ್ಟು ತಿಪಟೂರು ಎಪಿಎಂಸಿಗೆ ಹೋಗೋ ಮೂಟೆಗಳಲ್ಲಿ ಕಾಣೋಕೆ ವರ್ಷಗಳೇ ಹಿಡಿಯತ್ತೆ. ಎಷ್ಟು ನೀರು ಬಿಟ್ಟಾಗ ಎಷ್ಟು ಕಾಯಿ ಬಂತು ಅಂತ ಹೇಳ್ಬೇಕಾದ್ರೆ ನಾಲ್ಕು ವರ್ಷದ ಲೆಕ್ಕ ತುಂಡಾಗದೆ ಉಳಿದಿರಬೇಕು.

ಈಗ ಫ್ಲ್ಯಾಶ್ ಕಡೆ ನೋಡಿ. ಅದರಲ್ಲಿ ಬರೆಯೋದು ಪುಟ ಪುಟವಾಗಿ, ಅಳಿಸೋದು ಮಾತ್ರ ಇಡೀ ಬ್ಲಾಕ್. ಬರೆದ ಪುಟದ ಮೇಲೆ ಮತ್ತೆ ಬರೆಯೋ ಹಾಗಿಲ್ಲ. ಇಂತಿಷ್ಟು ಸಲ ಅಳಿಸಿದ ಮೇಲೆ ಬ್ಲಾಕ್ ಸತ್ತು ಹೋಗತ್ತೆ. ಈಗಿನ ಟಿಎಲ್‌ಸಿ ಚಿಪ್‌ಗಳಲ್ಲಿ ಆ ಆಯಸ್ಸು ಸಾಮಾನ್ಯವಾಗಿ 1,000ದಿಂದ 3,000 ಸಲ. 10 ಸೆಕೆಂಡಿಗೊಮ್ಮೆ 100 ಬೈಟ್ ರೀಡಿಂಗ್ ಬರೆದ್ರೆ ದಿನಕ್ಕೆ 8,640 ಸಲ ಬರೆದ ಹಾಗಾಯ್ತು. ಡೇಟಾ 1 ಎಂಬಿ ಕೂಡ ಇಲ್ಲ. ಆದರೆ ಕಾರ್ಡಿನ ಒಳಗಿನ ಬ್ಲಾಕ್ 4 ಎಂಬಿ ಇದ್ದು, ಪ್ರತಿ ಸಣ್ಣ ಬರಹಕ್ಕೂ ಅದು ಇಡೀ ಬ್ಲಾಕನ್ನೇ ಎತ್ತಿ ಬೇರೆ ಕಡೆ ಇಡಬೇಕಾಗಿ ಬಂದ್ರೆ, ದಿನಕ್ಕೆ 34 ಜಿಬಿ ಸವೆತ. 32 ಜಿಬಿ ಕಾರ್ಡನ್ನ ದಿನಕ್ಕೊಂದು ಸಲ ಪೂರ್ತಿ ಅಳಿಸಿ ಬರೆದ ಹಾಗೆ! 44 ತಿಂಗಳು ಅಂದ್ರೆ ಸುಮಾರು 1,340 ದಿನ. ಕಾಯಿ ಬಲಿಯೋ ಮೊದಲೇ ಕಾರ್ಡ್ ಸಾಯಬಹುದು. ಇದು ತೀರ ಕೆಟ್ಟ ಸಂದರ್ಭದ ಲೆಕ್ಕ, ಒಪ್ತೀನಿ. ಆದರೆ ನಾವು ಯೋಚನೆ ಮಾಡ್ಬೇಕಾದದ್ದು ಅಂಥ ಸಂದರ್ಭಕ್ಕೇ.

ಇಲ್ಲಿ ಕರ್ನಲ್ ಕೆಲಸಕ್ಕೆ ಬರತ್ತೆ. ಮೇಕ್ ಮೆನುಕಾನ್ಫಿಗ್ ಓಡಿಸೋ ಮೊದಲು ಒಂದೇ ಪ್ರಶ್ನೆ: ಬೋರ್ಡಿನಲ್ಲಿರೋದು ಬರೀ ಫ್ಲ್ಯಾಶ್ ಚಿಪ್ಪೋ, ಅಥವಾ ಒಳಗೇ ಕಂಟ್ರೋಲರ್ ಇರೋ ಎಸ್‌ಡಿ ಕಾರ್ಡ್ ಇಲ್ಲವೇ ಇಎಂಎಂಸಿಯೋ? ಬರೀ ನ್ಯಾಂಡ್ ಚಿಪ್ಪಾದ್ರೆ ಡಿವೈಸ್ ಡ್ರೈವರ್ಸ್ ಒಳಗೆ ಎಂಟಿಡಿ, ಅದರೊಳಗೆ ಯುಬಿಐ, ಅದರ ಮೇಲೆ ಯುಬಿಐಎಫ್‌ಎಸ್ ಆನ್ ಮಾಡ್ಬೇಕು. ಕೆಲವೇ ಎಂಬಿ ಇರೋ ಸಣ್ಣ ಚಿಪ್ಪಿಗೆ ಹಳೇ ಜೆಎಫ್‌ಎಫ್‌ಎಸ್2 ಸಾಕು. ಎಸ್‌ಡಿ ಕಾರ್ಡಾದ್ರೆ ಇವೆರಡೂ ಬೇಡ, ಎಫ್2ಎಫ್‌ಎಸ್ ನೋಡಿ. ಇದನ್ನ 2012ರಲ್ಲಿ ಸ್ಯಾಮ್‌ಸಂಗ್‌ನವರು ಹೊರಗೆ ತಂದ್ರು, 2013ರ ಫೆಬ್ರವರಿಯಲ್ಲಿ ಬಂದ ಲಿನಕ್ಸ್ 3.8ರಲ್ಲಿ ಸೇರ್ತು. ಚಿಲ್ಲರೆ ಬರಹಗಳನ್ನ ಒಂದರ ಹಿಂದೆ ಒಂದು ಸಾಲಾಗಿ, 2 ಎಂಬಿ ಸೆಗ್ಮೆಂಟುಗಳಲ್ಲಿ ಜೋಡಿಸೋದು ಅದರ ಸ್ವಭಾವ. ಚೆಕ್‌ಪಾಯಿಂಟನ್ನ ಎರಡು ಜಾಗದಲ್ಲಿ ಸರದಿ ಮೇಲೆ ಬರೀತದೆ. ಒಂದನ್ನ ಬರೀತಿರೋವಾಗ ಕರೆಂಟ್ ಹೋದ್ರೂ ಇನ್ನೊಂದು ನೆಟ್ಟಗಿರತ್ತೆ.

ಎಫ್2ಎಫ್‌ಎಸ್ ಆಯ್ಕೆ ಮಾಡಿದ ಮೇಲೂ ಕಣ್ಣುಮುಚ್ಚಿ ಎಂಟರ್ ಒತ್ತೋ ಹಾಗಿಲ್ಲ. ರೂಟ್ ಫೈಲ್ ಸಿಸ್ಟಮ್ಮೇ ಎಫ್2ಎಫ್‌ಎಸ್ ಆಗಿದ್ದು, ಇನಿಟ್‌ರಾಮ್‌ಎಫ್‌ಎಸ್ ಇಲ್ಲ ಅಂದ್ರೆ ಅದನ್ನ ಮಾಡ್ಯೂಲ್ ಮಾಡಬೇಡಿ, ಕರ್ನಲ್ ಒಳಗೇ ಕೂರಿಸಿ. ಇಲ್ಲದಿದ್ರೆ ಮಾಡ್ಯೂಲ್ ಇರೋ ಡಿಸ್ಕನ್ನ ತೆಗೆಯೋಕೆ ಆ ಮಾಡ್ಯೂಲ್ಲೇ ಬೇಕು ಅನ್ನೋ ಹಾಗಾಗಿ ಬೂಟ್ ನಿಂತು ಹೋಗತ್ತೆ. ಬೀಗದ ಕೈ ಮನೆಯೊಳಗೇ ಇಟ್ಟು ಬೀಗ ಹಾಕಿದ ಹಾಗೆ. ಕಂಪ್ರೆಷನ್ ಆಯ್ಕೆ ಇದೆ. ಜಾಗ ಉಳಿಸೋದಕ್ಕಿಂತ ಬರಹ ಕಡಿಮೆ ಮಾಡೋದು ಅದರ ಮುಖ್ಯ ಉದ್ದೇಶ, ಟೆಕ್ಸ್ಟ್ ಲಾಗುಗಳಿಗೆ ಪರೀಕ್ಷೆ ಮಾಡಿ ನೋಡಬಹುದು. ಫಾಲ್ಟ್ ಇಂಜೆಕ್ಷನ್ ಅನ್ನೋದು ಬೇಕಂತಲೇ ತಪ್ಪು ಹುಟ್ಟಿಸೋ ಆಯ್ಕೆ. ಲ್ಯಾಬಲ್ಲಿ ಆನ್, ತೋಟದಲ್ಲಿ ಆಫ್.

"ಕಾರ್ಡ್ ಕೆಟ್ರೆ ಹೊಸದು ಹಾಕಿದ್ರಾಯ್ತು ಬಿಡು" ಅಂತಾರೆ ಗೆಳೆಯರು. ಕಾರ್ಡ್ ಅಂಗಡೀಲಿ ಸಿಗತ್ತೆ, ಹೋದ ಮೂರು ಬೇಸಿಗೆಯ ರೀಡಿಂಗ್ ಸಿಗಲ್ಲ. "ಕ್ಲೌಡಿಗೆ ಕಳಿಸು" ಅಂದ್ರೆ, ತೋಟದಲ್ಲಿ ಸಿಗ್ನಲ್ ಬಂದಾಗ ಕಳಿಸೋಣ, ಅಲ್ಲೀತನಕ ಡೇಟಾ ಇರಬೇಕಾದದ್ದು ಬೋರ್ಡಲ್ಲೇ ತಾನೆ? "ಎಕ್ಸ್‌ಟ್4 ಇದೆಯಲ್ಲ" ಅನ್ನೋರ ಮಾತಲ್ಲಿ ಸ್ವಲ್ಪ ನ್ಯಾಯ ಇದೆ. ಅದಕ್ಕೂ ಜರ್ನಲ್ ಇದೆ, ಅದು ಕೆಟ್ಟದ್ದೇನಲ್ಲ. ಯೋಚಿಸಿ ಎಕ್ಸ್‌ಟ್4 ಹಾಕಿದ್ರೆ ನನ್ನ ತಕರಾರಿಲ್ಲ. ಇಮೇಜಲ್ಲಿ ಬಂದಿತ್ತು ಅಂತ ಹಾಗೇ ಬಿಟ್ರೆ ಮಾತ್ರ ತಕರಾರು.

ಕರ್ನಲ್ ಒಂದೇ ಎಲ್ಲಾನೂ ಕಾಯಲ್ಲ ಅನ್ನೋದೂ ನಿಜ. ನಮ್ಮ ಪ್ರೋಗ್ರಾಂ ಎಫ್‌ಸಿಂಕ್ ಕರೆಯೋ ತನಕ ರೀಡಿಂಗ್ ಬರೀ ರ‍್ಯಾಮಲ್ಲೇ ಇರಬಹುದು. ಪ್ರತಿ ಸಾಲಿಗೂ ಎಫ್‌ಸಿಂಕ್ ಕರೆದ್ರೆ ಕಾರ್ಡ್ ಸವೆಯತ್ತೆ, ಕರೆಯದೇ ಇದ್ರೆ ಡೇಟಾ ಹೋಗತ್ತೆ. ಐದು ನಿಮಿಷದ್ದು ಒಟ್ಟು ಮಾಡಿ ಒಂದು ಸಲ ಬರೆದ್ರೆ ದಿನಕ್ಕೆ 8,640ರ ಬದಲು 288 ಸಲ. ಎಷ್ಟು ನಿಮಿಷದ ರೀಡಿಂಗ್ ಹೋದ್ರೆ ನಡೆಯತ್ತೆ ಅನ್ನೋದನ್ನ ತೋಟದವರನ್ನೇ ಕೇಳಿ ತೀರ್ಮಾನ ಮಾಡ್ಬೇಕು.

ನಮ್ಮ ಕಾಲೇಜಿಗೆ ನಾನು ಕೇಳೋದು ಎರಡೇ. ಮಿನಿ ಪ್ರಾಜೆಕ್ಟ್ ರಿಪೋರ್ಟಿನ ಜೊತೆ ಕರ್ನಲ್ಲಿನ ಕಾನ್ಫಿಗ್ ಫೈಲೂ ಇರಲಿ, ಬದಲಿಸಿದ ಪ್ರತಿ ಆಯ್ಕೆಗೆ ಒಂದು ಸಾಲು ಕಾರಣ ಇರಲಿ. ಡೆಮೋ ದಿನ ಪರೀಕ್ಷಕರು, ಬೋರ್ಡ್ ಬರೀತಿರೋವಾಗ್ಲೇ 50 ಸಲ ಪ್ಲಗ್ ಕೀಳಲಿ. ಆಮೇಲೂ ರೀಡಿಂಗ್ ಓದೋಕೆ ಬಂದ್ರೆ ಮಾರ್ಕ್ಸ್ ಕೊಡಲಿ. ಈ ಆಯ್ಕೆಗಳ ಹೆಲ್ಪ್ ಟೆಕ್ಸ್ಟನ್ನ ಕನ್ನಡದಲ್ಲಿ ಬರೆದಿಡೋ ಕೆಲಸ ನಮ್ಮ ಕನ್ನಡ ಸಂಘದ್ದಾಗಲಿ. ಹೆಚ್ಚಿನವು ಎರಡು ಮೂರು ಸಾಲಿನವು. ಒಂದು ಸೆಮಿಸ್ಟರಲ್ಲಿ ಮುಗಿಸಬಹುದು, ನಾನು ಶುರು ಮಾಡೋಕೆ ರೆಡಿ.