ಸೋಯಾ ಎರಡು ಮುಠ್ಠಿ



ಮೊನ್ನೆ ಮಾಲೂರಿನ ಒಂದು ಮದುವೆ ಮನೆಯಲ್ಲಿ ಊಟ ಮುಗಿಸಿ ಕೈ ತೊಳೆಯುತ್ತಿದ್ದೆ. ಒಬ್ಬ ಓದುಗ ಸಹೋದರಿ ಗುರುತು ಹಿಡಿದು ಮಾತನಾಡಿಸಿದರು. ‘ಆಪಾ, ಶಾಲೆ, ಮನೆ, ಮಕ್ಕಳು ಎಲ್ಲ ಇದ್ದೂ ನೀವು ಬರೆಯುವುದು ಯಾವಾಗ? ನನಗೂ ನಮ್ಮ ಅಮ್ಮಿಯ ಅಡುಗೆಗಳನ್ನು ಬರೆದಿಡಬೇಕೆಂದು ಆಸೆ. ಆದರೆ ಬೆಳಿಗ್ಗೆ ಆರಕ್ಕೆ ಕಾರ್ಖಾನೆ ಬಸ್ಸು ಬರುತ್ತದೆ, ಸಮಯವೆಲ್ಲಿ?’ ಎಂದರು. ಸುತ್ತ ಜನ, ಗದ್ದಲ. ಸರಿಯಾದ ಉತ್ತರ ಕೊಡಲಾಗಲಿಲ್ಲ. ಇಲ್ಲಿ ಕೊಡುತ್ತಿದ್ದೇನೆ, ಅವರು ಓದಲಿ.

ಅಡುಗೆಯ ಬಗ್ಗೆ ಬರೆಯುವುದು ನನಗೆ ಹವ್ಯಾಸವಷ್ಟೇ. ಇನ್ನೂರು ಪುಟದ ಒಂದು ನೋಟ್‌ಬುಕ್ ಒಲೆಯ ಪಕ್ಕದ ಅಕ್ಕಿ ಡಬ್ಬದ ಮೇಲೆ ಇರುತ್ತದೆ. ಫಜ್ರ್ ನಮಾಝ್ ಆದ ಮೇಲೆ ಹಾಲು ಕಾಯುವಷ್ಟರಲ್ಲಿ ನಾಲ್ಕು ಸಾಲು, ರಾತ್ರಿ ಪಾತ್ರೆ ತೊಳೆದ ಮೇಲೆ ನಾಲ್ಕು ಸಾಲು. ಕೂತು ಬರೆಯುವ ಸಮಯ ನನಗೂ ಇಲ್ಲ, ನಿಂತೇ ಬರೆಯುತ್ತೇನೆ. ಒದ್ದೆ ಕೈಯ ಗುರುತು, ಅರಿಶಿನದ ಕಲೆ ಇಲ್ಲದ ಪುಟ ಅದರಲ್ಲಿ ಒಂದೂ ಇಲ್ಲ.

ಏನು ಬರೆಯಬೇಕೆಂದು ತಿಂಗಳ ಕೊನೆಯ ಭಾನುವಾರ ಯೋಚಿಸುತ್ತೇನೆ. ಅದಕ್ಕೆ ಎರಡು ಕ್ಯಾಲೆಂಡರ್ ಬೇಕು. ಒಂದು ಗೋಡೆಯಲ್ಲಿದೆ, ಇನ್ನೊಂದು ನಮ್ಮ ಜಿಲ್ಲೆಯ ಹೊಲದಲ್ಲಿದೆ. ಡಿಸೆಂಬರ್ ಬಂತೆಂದರೆ ಸೊಗಡಿನ ಅವರೆಕಾಯಿ. ಮೇ ತಿಂಗಳಿನಿಂದ ಜುಲೈವರೆಗೆ ಶ್ರೀನಿವಾಸಪುರದ ಮಾವು, ಬಾದಾಮಿಯಿಂದ ಶುರುವಾಗಿ ಕೊನೆಗೆ ನೀಲಂ. ಮಳೆಗಾಲಕ್ಕೆ ಕೋಲಾರದ ಮಾರುಕಟ್ಟೆಯ ತುಂಬ ಟೊಮೆಟೊ. ಅದರ ಬೆಲೆಯನ್ನು ಮಾತ್ರ ಯಾವ ಕ್ಯಾಲೆಂಡರೂ ಹೇಳದು. 2023ರ ಜುಲೈನಲ್ಲಿ 15 ಕಿಲೋ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದಾಗ ನಾವೆಲ್ಲ ಹುಣಸೆಹಣ್ಣಿಗೆ ಮರಳಿದ್ದೆವು, ನೆನಪಿದೆಯಲ್ಲವೇ? ಅದೇ ಟೊಮೆಟೊ ಬೇರೆ ವರ್ಷಗಳಲ್ಲಿ ರಸ್ತೆ ಬದಿಗೆ ಸುರಿದದ್ದನ್ನೂ ನೋಡಿದ್ದೇವೆ. ಬೇಡದೆ ಸುರಿದ ವರ್ಷವೇ ಟೊಮೆಟೊ ಚಟ್ನಿ ಒಣಗಿಸಿಡುವ ವಿಷಯ ಬರೆಯಬೇಕು.

ಹೊಲದ ತಿಂಗಳು ಜಾಗ ಬಿಟ್ಟು ಕದಲುವುದಿಲ್ಲ, ಚಂದ್ರನ ತಿಂಗಳು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2017 ಮತ್ತು 2018ರಲ್ಲಿ ರಮಝಾನ್ ಮಾವಿನ ಕಾಲಕ್ಕೇ ಬಂದಿತ್ತು, ಇಫ್ತಾರ್‌ಗೆ ಮಾವಿನ ಶರಬತ್ತು ಕುಡಿದೆವು. ಲೆಕ್ಕದ ಪ್ರಕಾರ 2030ರಲ್ಲಿ ರಮಝಾನ್ ಎರಡು ಸಲ ಬರುತ್ತದೆ, ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಯಲ್ಲೊಮ್ಮೆ. ಎರಡೂ ಅವರೆ ಕಾಲ! ಸಹ್ರಿಗೆ ಹಿತಕಿದ ಬೇಳೆ ಸಾಲನ್ ಎಂದು ಈಗಲೇ ಒಂದು ಪುಟದಲ್ಲಿ ಗುರುತು ಹಾಕಿದ್ದೇನೆ. ಅಲ್ಲಾಹನು ಆಯುಸ್ಸು ಕೊಡಲಿ.

ನನ್ನದು ಒಂದೇ ನಿಯಮ. ಮಾಡದೆ ಬರೆಯಬಾರದು. ಇದನ್ನು ಕಲಿತದ್ದು ನನ್ನದೇ ತಪ್ಪಿನಿಂದ. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ಹೊರ ರಾಜ್ಯದ ತೋತಾಪುರಿ ಬರಬಾರದೆಂದು ತಡೆದರು. ನಮ್ಮ ಕಡೆಯ ತೋತಾಪುರಿ ಹೆಚ್ಚಾಗಿ ಹೋಗುವುದು ಅಲ್ಲಿಯ ರಸ ತೆಗೆಯುವ ಕಾರ್ಖಾನೆಗಳಿಗೇ. ಬೆಲೆ ಬಿತ್ತು, ಶ್ರೀನಿವಾಸಪುರದ ನೆಂಟರ ತೋಟದಿಂದ ಎಲ್ಲರ ಮನೆಗೂ ಚೀಲ ಚೀಲ ಕಾಯಿ ಬಂತು. ನಾದಿನಿಗೆ ಉಪ್ಪಿನಕಾಯಿಯ ವಿಧಾನ ಬರೆದುಕೊಟ್ಟೆ. ಮಾಡಿ ನೋಡಿ ಬರೆದದ್ದಲ್ಲ, ನೆನಪಿನಿಂದ. ‘ಉಪ್ಪು ಒಂದು ಬಟ್ಟಲು’ ಎಂದಿದ್ದೆ. ನನ್ನ ಕಣ್ಣ ಮುಂದಿದ್ದದ್ದು ನಮ್ಮ ಮನೆಯ ದೊಡ್ಡ ಬಟ್ಟಲು, ಅವಳು ತೆಗೆದುಕೊಂಡದ್ದು ಚಟ್ನಿ ಬಟ್ಟಲು. ಇಪ್ಪತ್ತು ದಿನಕ್ಕೆ ಐದು ಕಿಲೋ ಉಪ್ಪಿನಕಾಯಿಯ ಮೇಲೆ ಬಿಳಿ ಬೂಸ್ಟು. ಅವಳು ನನಗೆ ಒಂದು ಮಾತೂ ಅನ್ನಲಿಲ್ಲ. ಅವಳ ಅತ್ತೆ ಅವಳಿಗೆ ಅಂದದ್ದು ಆಮೇಲೆ ನನ್ನ ಕಿವಿಗೆ ಬಿತ್ತು. ಅಂದೇ ಕಿರಾಣಿ ಅಂಗಡಿಗೆ ಹೋಗಿ ಮನೆಯ ಬಟ್ಟಲು, ಲೋಟ, ಚಮಚಗಳಲ್ಲಿ ಉಪ್ಪು ತುಂಬಿ ತಕ್ಕಡಿಯಲ್ಲಿ ತೂಗಿಸಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದೆ. ಅಂಗಡಿಯವರು ನಕ್ಕರು, ನಗಲಿ.

ಅಡುಗೆ ಬರೆಯುವುದು ಹೊಸದೇನೂ ಅಲ್ಲ. ಮಾಳವದ ಸುಲ್ತಾನ ಗಿಯಾಸ್ ಶಾಹನ ಆಸ್ಥಾನದಲ್ಲಿ ಸುಮಾರು 1500ರ ಹೊತ್ತಿಗೆ ‘ನಿಅಮತ್‌ನಾಮಾ’ ಎಂಬ ಚಿತ್ರಸಹಿತ ಅಡುಗೆ ಗ್ರಂಥ ತಯಾರಾಗಿತ್ತು. ಸಮೋಸಾದಿಂದ ಶರಬತ್ತಿನವರೆಗೆ ಎಲ್ಲ ಇದೆ, ಆದರೆ ಎಷ್ಟೋ ಕಡೆ ಅಳತೆಯೇ ಇಲ್ಲ. ಅರಮನೆಯ ಬಾಣಸಿಗನಿಗೆ ಅಳತೆ ಬೇಕಿರಲಿಲ್ಲ ಬಿಡಿ. ಅಳತೆ ಬೇಕಾದದ್ದು ಹೊಸದಾಗಿ ಮದುವೆಯಾಗಿ ಬೇರೆ ಊರಿಗೆ ಹೋದ ಹುಡುಗಿಗೆ. ಅದನ್ನು ಅರಿತವರು ಮದ್ರಾಸಿನ ಎಸ್. ಮೀನಾಕ್ಷಿ ಅಮ್ಮಾಳ್. ಚಿಕ್ಕ ವಯಸ್ಸಿನಲ್ಲೇ ವಿಧವೆಯಾದವರು. ನೆಂಟರಿಷ್ಟರೆಲ್ಲ ಅದು ಹೇಗೆ ಇದು ಹೇಗೆ ಎಂದು ಅವರಿಗೆ ಕಾಗದ ಬರೆಯುತ್ತಿದ್ದರಂತೆ. ಆ ಉತ್ತರಗಳೇ 1951ರಲ್ಲಿ ‘ಸಮೈತ್ತುಪ್ಪಾರ್’ ಎಂಬ ತಮಿಳು ಪುಸ್ತಕವಾದವು. ‘ಅಡುಗೆ ಮಾಡಿ ನೋಡು’ ಎಂದು ಅದರ ಅರ್ಥ. ಇಂದಿಗೂ ಮದುವೆಯಾದ ಹೆಣ್ಣುಮಕ್ಕಳಿಗೆ ಅದನ್ನು ಉಡುಗೊರೆ ಕೊಡುತ್ತಾರೆ.

ಇನ್ನೊಂದು ಮಾತು, ಯಾವ ನೀರು ಎಂದೂ ಬರೆಯಿರಿ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ನಮ್ಮದು, ಸಾವಿರ ಅಡಿಗೂ ಕೆಳಗಿನ ಬೋರ್‌ವೆಲ್ ನೀರು ಗಡಸು. ಅದರಲ್ಲಿ ತೊಗರಿಬೇಳೆ ಆರು ಕೂಗಿಗೂ ಮೆತ್ತಗಾಗುವುದಿಲ್ಲ. ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್ ನೀರಾದರೆ ಮೂರೇ ಕೂಗು. ಮಂಗಳೂರಿನ ಕಡೆಯವರು ಬರೆದ ‘ಮೂರು ಕೂಗು’ ನಂಬಿ ನಾನು ಎಷ್ಟೋ ಸಲ ಗಟ್ಟಿ ಬೇಳೆ ಕಡೆದಿದ್ದೇನೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಅಮ್ಮಿ ಮುಳಬಾಗಿಲಿನವರು. ಏನು ಕೇಳಿದರೂ ‘ಅಂದಾಜ್ ಸೇ’ ಎನ್ನುತ್ತಿದ್ದರು. ಉಪ್ಪು ಅಂದಾಜು, ಹುಳಿ ಅಂದಾಜು. ಕೊನೆಯ ವರ್ಷ ನನ್ನ ಕಾಟ ತಡೆಯಲಾರದೆ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ತಮ್ಮ ಅವರೆ ಗೋಶ್ತ್‌ನ ಸಾಮಾನುಗಳನ್ನು ಉರ್ದುವಿನಲ್ಲಿ ಬರೆದುಕೊಟ್ಟರು. ಅವರು ಹೋದ ಮೇಲೆ ಉಳಿದದ್ದು ಆ ಒಂದೇ ಹಾಳೆ.

ಕಳೆದ ಚಳಿಗಾಲ ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ಮಗಳು ಗೆಳತಿಯರೊಂದಿಗೆ ಅದನ್ನು ಮಾಡಬೇಕೆಂದು ಫೋನ್ ಮಾಡಿದಳು. ಅವಳಿಗೆ ಕನ್ನಡ, ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಕುರ್‌ಆನ್ ಓದುತ್ತಾಳೆ, ಉರ್ದು ಕಾಗದ ಓದಲಾರಳು. ನಾನು ಶಾಲೆಗೆ ಹೊರಡುವ ಅವಸರದಲ್ಲಿ ಹಾಳೆಯಲ್ಲಿದ್ದಂತೆ ಓದಿ ಹೇಳಿದೆ. ‘ಗೋಶ್ತ್ ಅರ್ಧ ಕಿಲೋ, ಸೋಯಾ ಎರಡು ಮುಠ್ಠಿ...’ ಸಂಜೆ ಅವಳ ದನಿ ಸಪ್ಪೆಯಾಗಿತ್ತು. ‘ಅಮ್ಮಿ, ನಾನಿಯ ರುಚಿ ಬರಲೇ ಇಲ್ಲ. ಎಲ್ಲ ಸ್ಪಂಜಿನಂತೆ ಉಬ್ಬಿಕೊಂಡಿತು’ ಎಂದಳು. ವಿಚಾರಿಸಿದರೆ, ಅಂಗಡಿಯಲ್ಲಿ ಸಿಗುವ ಸೋಯಾ ಉಂಡೆ, ಅದೇ ಮೀಲ್‌ಮೇಕರ್, ಎರಡು ಮುಷ್ಟಿ ಹಾಕಿದ್ದಾಳೆ! ಅಮ್ಮಿಯ ಸೋಯಾ ಎಂದರೆ ಸಬ್ಬಸಿಗೆ ಸೊಪ್ಪು.

ನಕ್ಕೆ. ಆಮೇಲೆ ರಾತ್ರಿ ನಿದ್ದೆ ಬರಲಿಲ್ಲ. ಅರ್ಥ ಹೇಳಲು ನಾನಿದ್ದೆ. ನನ್ನ ಮೊಮ್ಮಗಳು ಕೇಳುವ ಹೊತ್ತಿಗೆ ಯಾರಿರುತ್ತಾರೆ? ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಕನ್ನಡದಲ್ಲಿ, ಪಕ್ಕದಲ್ಲಿ ಉರ್ದು ಹೆಸರಿನೊಂದಿಗೆ ಬರೆಯಲು ಶುರು ಮಾಡಿದ್ದು ಮರುದಿನದಿಂದ.

ವಿಧಾನ ಇಷ್ಟು. ಅವರೆಕಾಳನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಹಿತಕಿ. ಮಾಂಸವನ್ನು ಈರುಳ್ಳಿ, ಶುಂಠಿ-ಬೆಳ್ಳುಳ್ಳಿ, ಅರಿಶಿನ, ಉಪ್ಪಿನೊಂದಿಗೆ ಮುಕ್ಕಾಲು ಬೇಯಿಸಿ. ಹಸಿಮೆಣಸಿನಕಾಯಿ, ಕೊತ್ತಂಬರಿ, ತೆಂಗಿನಕಾಯಿ ರುಬ್ಬಿ ಹಾಕಿ. ಬೇಳೆ ಕೊನೆಗೆ, ಮೊದಲೇ ಹಾಕಿದರೆ ಕರಗಿ ಹೋಗುತ್ತದೆ. ಸಬ್ಬಸಿಗೆ ಬೇಳೆಯ ಜೊತೆಗೆ.

ಆದರೆ ಎಷ್ಟು ಸಬ್ಬಸಿಗೆ? ಉರ್ದು ಅಂಕಿಯಲ್ಲಿ ಎರಡಕ್ಕೂ ಮೂರಕ್ಕೂ ಇರುವುದು ಒಂದೇ ಹಲ್ಲಿನ ವ್ಯತ್ಯಾಸ, ಆ ಜಾಗದಲ್ಲಿ ಸರಿಯಾಗಿ ಎಣ್ಣೆ ಜಿಡ್ಡು ಹರಡಿದೆ. ನಾನು ಎರಡೆಂದು ಓದಿದ್ದೆ. ಮುಳಬಾಗಿಲಿನ ಖಾಲಾ ಮೂರೇ ಎನ್ನುತ್ತಾರೆ. ಅಮ್ಮಿಯ ಮುಷ್ಟಿಯೋ, ನನ್ನದಕ್ಕಿಂತ ಚಿಕ್ಕದು. ಈ ಸಲ ಅವರೆ ಬಂದಾಗ ಖಾಲಾರನ್ನು ಕೋಲಾರಕ್ಕೆ ಕರೆಸಿ ಎರಡು ಪಾತ್ರೆಯಲ್ಲಿ ಎರಡೂ ಬಗೆ ಮಾಡುವುದೆಂದು ನಿಶ್ಚಯಿಸಿದ್ದೇವೆ. ಮಗಳೂ ಬರುತ್ತಾಳೆ. ತಕ್ಕಡಿ ಅವಳ ಕೈಯಲ್ಲಿರುತ್ತದೆ.